ಅಂಗಡಿಗೆ ಹೋಗಿ ಬರುವುದು

ಕನ್ನಡ ಪಾಠ ಹೇಳುವವರಿಗೆ ಒಂದು ಚಟ. ಯಾರು ಏನು ಹೇಳಿದರೂ ಮೊದಲು ಕ್ರಿಯಾಪದವನ್ನು ಹುಡುಕುತ್ತೇವೆ. ಹಿರಿಯರು “ಅಂಗಡಿಗೆ ಹೋಗಿ ಬರ್ತೀನಿ” ಎಂದರೆ ಅದರ ಹಿಂದೆ ಒಂದು ಕರ್ಮಪದ ಇದ್ದೇ ಇರುತ್ತದೆ. ಅರ್ಧ ಕಿಲೋ ತೊಗರಿಬೇಳೆಯೋ, ಒಂದು ಕಟ್ಟು ಊದುಬತ್ತಿಯೋ. ಕಿರಿಯರು “ಮಾಲ್‌ಗೆ ಹೋಗೋಣ” ಎನ್ನುತ್ತಾರೆ. ಏನು ತರುವುದಕ್ಕೆ ಎಂದು ಕೇಳಿದವನೇ ಪೆದ್ದ. ಮೊದಲನೆಯದು ಸಕರ್ಮಕ, ಎರಡನೆಯದು ಅಕರ್ಮಕ. ಬೆಂಗಳೂರು ಬೆಳೆದ ಕಥೆ ಈ ಎರಡರ ನಡುವೆ ಇದೆ.

ಹಳೆಯ ಊರಿನಲ್ಲಿ ಅಂಗಡಿಗೆಂದು ಬೇರೆ ಜಾಗ ಬೇಕಿರಲಿಲ್ಲ, ಊರೇ ಅಂಗಡಿ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ ಎಂದು ಹೆಸರು ಹೇಳಿದರೆ ಸಾಕು, ಸರಕು ತಿಳಿಯುತ್ತಿತ್ತು. 1898ರಲ್ಲಿ ಪ್ಲೇಗು ಬಂದು ಜನ ಮಲ್ಲೇಶ್ವರ, ಬಸವನಗುಡಿಗಳ ಕಡೆ ಹೊರಟಾಗ ಮನೆ ಒಂದು ಕಡೆ, ಪೇಟೆ ಒಂದು ಕಡೆ ಆಯಿತು. ಚೀಲ ಹಿಡಿದು “ಪೇಟೆಗೆ ಹೋಗಿ ಬರ್ತೀನಿ” ಎನ್ನುವ ಮಾತಿಗೆ ಬಡಾವಣೆಯ ಮನೆಗಳಲ್ಲಿ ಅರ್ಥ ಬಂದದ್ದು ಆ ಮೇಲೆಯೇ ಇರಬೇಕು.

1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲಿಟ್ಟರು. ಬಡಾವಣೆಯ ಮೇಲೆ ಬಡಾವಣೆ ಎದ್ದಂತೆ ಪೇಟೆ ದೂರವಾಯಿತು. ಅಂಗಡಿಯೇ ಮನೆಯ ಹತ್ತಿರ ಬರಬೇಕಾಯಿತು. ಅದು ಬರುವ ಕ್ರಮವೂ ನೋಡತಕ್ಕದ್ದೇ. ನಿವೇಶನಕ್ಕೆ ಕಲ್ಲು ನೆಟ್ಟೊಡನೆ, ಗಾರೆಕೆಲಸದವರನ್ನು ನಂಬಿ ಒಂದು ಬೀಡಿ-ಬಾಳೆಹಣ್ಣಿನ ಪೆಟ್ಟಿಗೆ ಅಂಗಡಿ. ಗೃಹಪ್ರವೇಶಗಳು ಶುರುವಾದಾಗ ದಿನಸಿ ಅಂಗಡಿ. ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಹಾಸನದ ಕಡೆಯ ಅಯ್ಯಂಗಾರರ ಬೇಕರಿ. ಎಲ್ಲರಿಗೂ ಕೊನೆಯಲ್ಲಿ ಸರ್ಕಾರದ ‘ವಾಣಿಜ್ಯ ಸಂಕೀರ್ಣ’. ಇದು ಫಲಕದ ಮೇಲಿನ ಕನ್ನಡ. ಬಾಯಲ್ಲಿ ಅದು ಕಾಂಪ್ಲೆಕ್ಸು. ಹಳೆಯ ಟ್ರಸ್ಟ್ ಬೋರ್ಡು, 1976ರಿಂದೀಚೆಗೆ ಅಭಿವೃದ್ಧಿ ಪ್ರಾಧಿಕಾರ, ಇಂಥವನ್ನು ಹಲವು ಬಡಾವಣೆಗಳಲ್ಲಿ ಕಟ್ಟಿದವು. ಜಯನಗರದ ನಾಲ್ಕನೆಯ ಬ್ಲಾಕಿನದರಲ್ಲಿ ಪುಟ್ಟಣ್ಣ ಚಿತ್ರಮಂದಿರವೂ ಇತ್ತು, ಈಗ ಅದಿಲ್ಲ.

ನಮ್ಮ ಬಡಾವಣೆಯ ಕಾಂಪ್ಲೆಕ್ಸು ಅಷ್ಟು ದೊಡ್ಡದಲ್ಲ, ಚೆಲುವಂತೂ ಮೊದಲೇ ಅಲ್ಲ. ಮೆಟ್ಟಿಲ ಮೂಲೆಗಳಲ್ಲಿ ಎಲೆ ಅಡಿಕೆಯ ಕಲೆ, ಮಹಡಿಯಲ್ಲಿ ಹಗಲಿನಲ್ಲೂ ಕತ್ತಲೆ, ಶೌಚಾಲಯದ ವಿಷಯ ಬೇಡ. ಆದರೆ ಕೆಳಗೆ ದಿನಸಿಯ ಶೆಟ್ಟರಿದ್ದಾರೆ, ಗ್ರಂಧಿಗೆ ಅಂಗಡಿಯಿದೆ, ಹಳೆಯ ಅಂಗಿಯ ಕಾಲರನ್ನು ತಿರುವಿ ಹೊಲಿದುಕೊಡುವ ದರ್ಜಿಯಿದ್ದಾನೆ. ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚಿದೆ; ಅದರ ಪಕ್ಕದಲ್ಲಿ ಮೊಳ ಹಾಕಿ ಹೂ ಕೊಡುವ ಹೂವಮ್ಮ.

ನಮ್ಮ ತಾಯಿಗೆ ಎಪ್ಪತ್ತಾರು ವರ್ಷ. ತಂದೆ ಹೋದ ಮೇಲೆ ಊರು ಬಿಟ್ಟು ನಮ್ಮ ಜೊತೆಗಿದ್ದಾರೆ. ಮಂಡಿ ನೋವಿನವರು, ಅವರ ಬೆಂಗಳೂರೆಂದರೆ ಮನೆಯಿಂದ ಆ ಬೆಂಚಿನವರೆಗಿನ ಮುನ್ನೂರು ಹೆಜ್ಜೆ. ಸಂಜೆ ಐದಕ್ಕೆ ಹೊರಟರೆ ಆರೂವರೆಗೆ ಬರುತ್ತಾರೆ. ಕೈಯಲ್ಲಿ ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪು. ತಲೆಯಲ್ಲಿ ಬಡಾವಣೆಯ ಸಮಾಚಾರವೆಲ್ಲ. ಈಗ ಸೊಪ್ಪನ್ನೂ ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುತ್ತಾರೆ. ನನ್ನಾಕೆ ಒಮ್ಮೆ ಹಾಗೆಯೇ ತರಿಸಿದಳು. ಅಮ್ಮ ಆ ಹುಡುಗನಿಗೆ ನೀರು ತರಲೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಬೀದಿಯ ಕೊನೆಯಲ್ಲಿದ್ದ. “ಪಾಪ, ಮುಖ ಕೂಡ ನೋಡ್ಲಿಲ್ಲ” ಎಂದು ಲೋಟ ಹಿಡಿದುಕೊಂಡೇ ನಿಂತಿದ್ದರು.

ಹೋದ ಮಳೆಗಾಲ ಅಮ್ಮನಿಗೆ ಜ್ವರ ಬಂದು ಮೂರು ದಿನ ಹೊರಗೆ ಹೋಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಶೆಟ್ಟರ ಅಂಗಡಿಯ ಹುಡುಗ ಬಾಗಿಲಲ್ಲಿ ನಿಂತಿದ್ದ. “ಅಮ್ಮಾವ್ರು ಕಾಣ್ಲಿಲ್ಲ, ವಿಚಾರಿಸ್ಕೊಂಡು ಬಾ ಅಂದ್ರು ಯಜಮಾನ್ರು” ಎಂದ. ಮೂವತ್ತು ಮನೆಗಳಿರುವ ನಮ್ಮ ಬೀದಿಯಲ್ಲಿ ಹಾಗೆ ಕೇಳಿದ್ದು ಅವನೊಬ್ಬನೇ.

ಮಾಲನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. 2004ರಲ್ಲಿ ಕೋರಮಂಗಲದಲ್ಲಿ ಫೋರಂ ತೆರೆದಾಗ ವಿದ್ಯಾರ್ಥಿಗಳಾಗಿದ್ದ ನಾವೂ ಏನೂ ಕೊಳ್ಳದೆ ಚಲಿಸುವ ಮೆಟ್ಟಿಲ ಮೇಲೆ ಹತ್ತಿಳಿದವರೇ. ಅಲ್ಲಿ ಶೌಚಾಲಯ ಶುಚಿ. ಹೆಣ್ಣುಮಕ್ಕಳು ರಾತ್ರಿ ಒಂಬತ್ತಕ್ಕೂ ನಿರ್ಭಯವಾಗಿ ಕೂತು ಮಾತಾಡುತ್ತಾರೆ. ಇವು ನಮ್ಮ ಕಾಂಪ್ಲೆಕ್ಸು ಎಂದೂ ಕೊಡದ ಸುಖಗಳು. ಶೆಟ್ಟರೂ ದೇವರಲ್ಲ; ಹುಳು ಹಿಡಿದ ರವೆಯನ್ನು ವಾಪಸು ತೆಗೆದುಕೊಳ್ಳಬೇಕಾದರೆ ಅವರ ಮುಖ ನೋಡಬೇಕು! ಆದರೆ ಮಾಲಿಗೆ ಹೋಗುವುದಕ್ಕೆ ಕಾರೋ ಆಟೋವೋ ಮೆಟ್ರೋವೋ ಬೇಕು, ಜೊತೆಗೊಬ್ಬರು ಬೇಕು. ಮುನ್ನೂರು ಹೆಜ್ಜೆಯವರಿಗೆ ಅದು ಕಾಶಿಯಷ್ಟೇ ದೂರ.

ಇಂದಿರಾನಗರ, ಕೋರಮಂಗಲ ಮೊದಲಾದ ಕಡೆಯ ಸಂಕೀರ್ಣಗಳನ್ನು ಖಾಸಗಿಯವರೊಡನೆ ಸೇರಿ ಹೊಸದಾಗಿ ಕಟ್ಟುವ ಯೋಜನೆಗೆ 2020ರ ದಶಕದ ಆರಂಭದಲ್ಲಿ ಅಲ್ಲಲ್ಲಿನ ನಿವಾಸಿಗಳು ವಿರೋಧ ತೋರಿದ್ದುಂಟು. ನಮ್ಮದನ್ನೂ ಕೆಡವುತ್ತಾರೆಂಬ ಮಾತು ಹುಟ್ಟಿದೆ. ಶೆಟ್ಟರ ಮಗ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. “ಸಾಕಪ್ಪ, ಅಂಗಡಿ ಮುಚ್ಚಿಬಿಡು” ಎನ್ನುತ್ತಾನಂತೆ. ಗೋಡೆ ಹಳೆಯದಾದರೆ ಕಟ್ಟಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ. ಮೊನ್ನೆ ಯಾರೋ ಹೊಸ ಕಟ್ಟಡದ್ದೆಂದು ಒಂದು ಬಣ್ಣದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ನಿಜವೋ ಸುಳ್ಳೋ, ಬಹಳ ಅಂದವಾಗಿತ್ತು. ಕಾರು ನಿಲ್ಲಿಸುವುದಕ್ಕೆ ನೆಲದ ಕೆಳಗೆ ಎರಡು ಅಂತಸ್ತು, ಮುಂದೆ ಕಾರಂಜಿ, ಗಾಜಿನ ಬಾಗಿಲು. ಕಲ್ಲುಬೆಂಚು ಎಲ್ಲಿ ಎಂದು ಕೇಳಿದೆ. ಅವರು ಚಿತ್ರವನ್ನು ಹಿಗ್ಗಿಸಿ, ಅತ್ತ ಇತ್ತ ಸರಿಸಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಹುಡುಕಿದರು.