ಬೀಜದ ಮರಗಳ ಊರಿಗೆ ಒಂದು ರೈಲು

ಮಾವಿನ ಹಣ್ಣು ತಿಂದಾದ ಮೇಲೆ ಓಟೆಯನ್ನು ಏನು ಮಾಡುತ್ತೀರಿ? ಪೇಟೆಯ ಮನೆಯಾದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ. ಹಳ್ಳಿ ಮನೆಯಾದರೆ ಕೂತಲ್ಲಿಂದಲೇ ಹಿತ್ತಲಿಗೆ ಹಾರುತ್ತದೆ. ಹಾಗೆ ಹಾರಿದ ಓಟೆಗಳಲ್ಲಿ ಕೆಲವು ನಾಲ್ಕು ಮಳೆ ಬೀಳುತ್ತಲೇ ಬಾಯಿ ಬಿಟ್ಟು, ತಾಮ್ರದ ಬಣ್ಣದ ಎಳೆ ಎಲೆ ಚಾಚಿ ನಿಲ್ಲುತ್ತವೆ. ಆಗ ಮಕ್ಕಳು ಕೇಳುವ ಮೊದಲ ಪ್ರಶ್ನೆ ಒಂದೇ: "ನಾವು ತಿಂದಿದ್ದು ಬಾದಾಮಿ ಅಲ್ವಾ? ಇದರಲ್ಲೂ ಬಾದಾಮಿಯೇ ಬಿಡುತ್ತಾ?"

ನರ್ಸರಿಯವರನ್ನು ಕೇಳಿದರೆ "ಬಿಡೋದಿಲ್ಲ, ಕಸಿ ಗಿಡ ತಗೊಂಡು ಹೋಗಿ" ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಮಾವಿನ ಹೂವಿಗೆ ನೊಣ, ಜೇನು ಮತ್ತಿತರ ಕೀಟಗಳು ಬೇರೆ ಮರದ ಪರಾಗವನ್ನು ತಂದು ಹಾಕಿರುತ್ತವೆ. ಹಣ್ಣು ತಾಯಿ ಮರದ್ದು. ಒಳಗಿನ ಬೀಜದಲ್ಲಿ ಮಾತ್ರ ತಾಯಿಯೂ ಇದ್ದಾಳೆ, ತಂದೆಯೂ ಇದ್ದಾನೆ. ನೀವು ಅಮ್ಮನನ್ನು ಹೋಲುತ್ತೀರಿ, ಆದರೆ ಅಮ್ಮನೇ ಅಲ್ಲವಲ್ಲ, ಹಾಗೆ. ಕಸಿ ಗಿಡದ ಲೆಕ್ಕ ಬೇರೆ. ಅದು ತಾಯಿ ಮರದ ರೆಂಬೆಯನ್ನೇ ಇನ್ನೊಂದು ಸಸಿಯ ಬುಡಕ್ಕೆ ಕೂಡಿಸಿ ಬೆಳೆಸಿದ್ದು. ಆದ್ದರಿಂದ ಅದೇ ಹಣ್ಣು, ಅದೇ ರುಚಿ.

ಹಾಗಾದರೆ ಬೀಜದ ಗಿಡ ಬೆಳೆಸಿ ಏನು ಪ್ರಯೋಜನ? ಉತ್ತರ ಬೇಕಿದ್ದರೆ ಬೆಂಗಳೂರಿನಿಂದ ತಾಳಗುಪ್ಪದ ಕಡೆಗೆ ಹೋಗುವ ರೈಲು ಹತ್ತಬೇಕು. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಬೀರೂರು, ಭದ್ರಾವತಿ, ಶಿವಮೊಗ್ಗ, ಸಾಗರ... ಈ ದಾರಿಯುದ್ದಕ್ಕೂ ಕಿಟಕಿಯಾಚೆ ಓಡುವುದು ಬೀಜದಿಂದ ಎದ್ದ ಮರಗಳ ಮೆರವಣಿಗೆ.

ಒಂದು ಹಲಸಿನ ಮರದ ಕಥೆ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಹಂಗಾಮಿನಲ್ಲಿ ಇಲ್ಲಿನ ಮಾರುಕಟ್ಟೆಯಲ್ಲಿ ಹಲಸಿನ ಹಣ್ಣುಗಳನ್ನು ರಾಶಿ ಹಾಕುತ್ತಾರೆ. ಸುತ್ತಲಿನ ಹೊಲದ ಬದುಗಳಲ್ಲಿ, ಮನೆಗಳ ಹಿಂದೆ, ತೆಂಗಿನ ತೋಟದ ಅಂಚಿನಲ್ಲಿ ಹಲಸು ನಿಂತಿದೆ. ಹಳೆಯ ಮರಗಳಲ್ಲಿ ಹೆಚ್ಚಿನವು ಬೀಜದವು. ಒಂದರ ತೊಳೆ ಬಿಳಿಯಾದರೆ ಇನ್ನೊಂದರದು ಅರಿಶಿನ. ಒಂದು ಗಟ್ಟಿ ತೊಳೆಯ ಬಕ್ಕೆ, ಪಕ್ಕದ್ದು ಬಾಯಿಗಿಟ್ಟರೆ ಜಾರಿಹೋಗುವ ಮೆತ್ತನೆಯ ಅಂಬಲಿ.

ಈ ಊರಿನ ಸಿದ್ದಪ್ಪ ಎಂಬ ರೈತರು ನೆಟ್ಟ ಒಂದು ಹಲಸಿನ ಮರ ತೀರ ಬೇರೆಯೇ ಆಗಿ ಬಂತು. ಹಲಸೆಂದರೆ ಹತ್ತು ಹದಿನೈದು ಕಿಲೋ ತೂಗುವುದು ಸಾಮಾನ್ಯ. ಈ ಮರದ ಹಣ್ಣು ಸುಮಾರು ಎರಡೂವರೆ ಕಿಲೋ ಅಷ್ಟೇ. ಒಬ್ಬರೇ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಒಯ್ಯಬಹುದು. ಕೊಯ್ದರೆ ಒಳಗೆ ತಾಮ್ರಗೆಂಪು ತೊಳೆ. ಮನೆಯವರು ವರ್ಷವರ್ಷವೂ ನೆಂಟರಿಗೆ, ಪರಿಚಯದವರಿಗೆ ಹಂಚುತ್ತಿದ್ದರು. ಮರದ ಸುದ್ದಿ ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿರುವ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳಿಗೆ ತಲುಪಿತು. ಅಷ್ಟು ಹೊತ್ತಿಗೆ ಮರಕ್ಕೆ ಸುಮಾರು 35 ವರ್ಷ. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಿದ್ದಪ್ಪನವರ ಮಗನ ಜೊತೆ ಒಪ್ಪಂದ ಮಾಡಿಕೊಂಡಿತು. ಮರದ ಕಸಿ ಗಿಡ ಮಾಡಿ ಮಾರುವುದು, ಬಂದ ಹಣದಲ್ಲಿ ನೂರಕ್ಕೆ 75 ಪಾಲು ರೈತರಿಗೆ. ತಳಿಗೆ ಮರ ನೆಟ್ಟವರ ನೆನಪಿನಲ್ಲಿ 'ಸಿದ್ದು' ಎಂದು ಹೆಸರಿಟ್ಟರು.

ಇಂದು ಯಾರೋ ದೂರದೂರಿನಲ್ಲಿ ಸಿದ್ದು ಹಲಸಿನ ಕಸಿ ಗಿಡ ಕೊಂಡು ನೆಡುತ್ತಿರಬಹುದು. ಅದರ ಮೂಲ ಒಂದು ಬೀಜ. ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, ಹಳ್ಳಿಯ ರೈತರ ಜಮೀನಿನಲ್ಲಿ ಹುಟ್ಟಿದ್ದು. ಕಸಿ ಮಾಡುವವರು ಇರುವ ರುಚಿಯನ್ನು ಕಾಪಾಡಬಲ್ಲರು. ಇಲ್ಲದ ರುಚಿಯೊಂದು ಹುಟ್ಟಿ ಬರಬೇಕಾದರೆ ಬೀಜವೇ ಮೊಳೆಯಬೇಕು.

ಕಸಿ ಕಟ್ಟಲಾಗದ ಮರ

ಗುಬ್ಬಿ ದಾಟಿದರೆ ತಿಪಟೂರು, ಕೊಬ್ಬರಿಯ ಊರು. ಕಿಟಕಿಯ ಎರಡೂ ಕಡೆ ತೆಂಗು. ಇಲ್ಲಿ ಬೀಜದ ಪಾಠ ಇನ್ನೊಂದು ಬಗೆಯದು. ತೆಂಗಿಗೆ ರೆಂಬೆಯಿಲ್ಲ. ಇರುವುದು ನೆತ್ತಿಯ ಮೇಲೆ ಒಂದೇ ಸುಳಿ. ರೆಂಬೆಯೇ ಇಲ್ಲದ ಮೇಲೆ ಕಸಿ ಕಟ್ಟುವುದು ಎಲ್ಲಿಂದ? ಹೀಗಾಗಿ ಈ ಸೀಮೆಯ ಸಾಲು ಸಾಲು ತೆಂಗೆಲ್ಲ ಕಾಯಿಯಿಂದಲೇ ಹುಟ್ಟಿ ಬಂದದ್ದು.

ಕಾಯಿ ಯಾವುದಾದರೂ ಆದೀತು ಎಂದು ರೈತರು ಸುಮ್ಮನಿರುವುದಿಲ್ಲ. ಇಪ್ಪತ್ತು ವರ್ಷ ದಾಟಿದ, ವರ್ಷವೂ ತಪ್ಪದೆ ಫಸಲು ಕೊಡುವ ತಾಯಿ ಮರವನ್ನು ಮೊದಲೇ ಗುರುತು ಮಾಡಿರುತ್ತಾರೆ. ಅದರ ಬಲಿತ ಕಾಯಿಗಳನ್ನು ಮಡಿಯಲ್ಲಿ ಹೂಳುತ್ತಾರೆ. ಮೂರು ನಾಲ್ಕು ತಿಂಗಳಿಗೆ ಮೊಳಕೆ ಕಾಣುತ್ತದೆ. ಬೇಗ ಮೊಳೆತು ಗಟ್ಟಿಯಾಗಿ ನಿಂತ ಸಸಿಯನ್ನು ಇಟ್ಟುಕೊಂಡು, ತಡವಾಗಿ ಎದ್ದ ಬಡಕಲು ಸಸಿಯನ್ನು ಕಿತ್ತು ಹಾಕುತ್ತಾರೆ. ಬೀಜದಿಂದ ಬರುವುದು ಅದೃಷ್ಟದ ಆಟ ನಿಜ. ತಾಯಿಯನ್ನು ನೋಡಿ ಆರಿಸಿದರೆ ಅದೃಷ್ಟ ನಮ್ಮ ಕಡೆಗೆ ಸ್ವಲ್ಪ ವಾಲುತ್ತದೆ.

ಸಾಗರದ ಹಿತ್ತಲಿನಲ್ಲಿ

ಶಿವಮೊಗ್ಗ ದಾಟಿದ ಮೇಲೆ ಹಸಿರಿನ ಬಣ್ಣವೇ ಬದಲಾಗುತ್ತದೆ. ಸಾಗರದಲ್ಲಿ ಇಳಿದು ಒಳದಾರಿ ಹಿಡಿದರೆ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ನಡುವೆ ಹಂಚಿನ ಮನೆ, ಮನೆಯ ಹಿಂದೆ ಹಿತ್ತಲು. ಈ ಹಿತ್ತಲುಗಳಲ್ಲಿ ಸಾಲಿಲ್ಲ, ಅಳತೆಯಿಲ್ಲ. ಪೇರಲೆಯ ಪಕ್ಕ ಚಕ್ಕೋತ, ಅದರಾಚೆ ನೇರಳೆ, ಬಚ್ಚಲ ನೀರು ಹರಿಯುವಲ್ಲಿ ಪಪ್ಪಾಯಿ, ಕೊಟ್ಟಿಗೆಯ ಹಿಂದೆ ಹಲಸು.

ನಾವು ಹೋಗಿದ್ದ ಮನೆಯ ಅಜ್ಜಿ ಒಂದೊಂದೇ ಮರ ತೋರಿಸುತ್ತ ಬಂದರು. ಎಲ್ಲಕ್ಕೂ ಹೆಸರಿತ್ತು. ಒಂದು ಹಪ್ಪಳದ ಮರ, ಇನ್ನೊಂದು ಸಕ್ಕರೆ ಬಕ್ಕೆ, ಬೇಲಿಯಾಚೆಯದು ದನದ ಪಾಲಿನದು.

"ಇದನ್ನ ಯಾರು ನೆಟ್ಟಿದ್ದು ಅಜ್ಜಿ?" ಎಂದು ನಮ್ಮ ಜೊತೆಗಿದ್ದ ಹುಡುಗ ಕೇಳಿದ.

"ನೆಟ್ಟಿದ್ದಲ್ಲ ತಮಾ, ತಿಂದು ಬಿಸಾಕಿದ್ದು. ಹುಟ್ಟಿತು. ಕಡಿಯದೆ ಬಿಟ್ಟೆವು, ಅಷ್ಟೇ."

ಈ ಸೀಮೆಯ ಹೆಮ್ಮೆ ಅಪ್ಪೆಮಿಡಿ. ಶರಾವತಿ, ವರದಾ, ಅಘನಾಶಿನಿ ಹೊಳೆಗಳ ದಂಡೆಯಲ್ಲಿ, ಕಾಡಿನಲ್ಲಿ, ತೋಟದ ಅಂಚಿನಲ್ಲಿ ತಾನಾಗಿ ಎದ್ದ ಮಾವು ಇದು. ಹಣ್ಣಿಗಲ್ಲ, ಉಪ್ಪಿನಕಾಯಿಯ ಮಿಡಿಗೆ ಹೆಸರುವಾಸಿ. ತೊಟ್ಟು ಮುರಿದರೆ ಚಿಮ್ಮುವ ಸೊನೆಯಲ್ಲಿ ಒಂದು ಮರದ್ದು ಜೀರಿಗೆಯ ವಾಸನೆ, ಇನ್ನೊಂದರದು ಕರ್ಪೂರದ ವಾಸನೆ. ಬೀಜದಿಂದ ಹುಟ್ಟಿದ ಒಂದೊಂದು ಮರಕ್ಕೂ ಒಂದೊಂದು ಗುಣ. ಅದಕ್ಕೇ ಒಂದೊಂದು ಹೆಸರು: ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಕರ್ಣಕುಂಡಲ, ಪುರಪ್ಪೆಮನೆ ಅಪ್ಪೆ... ಯಾರದೋ ಹೆಸರು, ಯಾವುದೋ ಊರು, ಯಾವುದೋ ಆಕಾರ ಮರಕ್ಕೆ ಅಂಟಿಕೊಂಡು ಉಳಿದಿದೆ. ಅಪ್ಪೆಮಿಡಿಗೆ ಜಿ.ಐ. ಟ್ಯಾಗ್ ಕೂಡ ಸಿಕ್ಕಿದೆ.

ಆ ಮನೆಯ ಹಿತ್ತಲಿನ ತುದಿಯಲ್ಲೂ ಒಂದು ಜೀರಿಗೆ ಮಿಡಿಯ ಮರವಿತ್ತಂತೆ. ಈಗ ಅಲ್ಲಿರುವುದು ಬುಡ ಮಾತ್ರ. ಹಿಂದಿನ ವರ್ಷದ ಮಳೆಗಾಲದ ಗಾಳಿಗೆ ಉರುಳಿತು. ಕಸಿ ಮಾಡಿ ಇಟ್ಟಿರಲಿಲ್ಲ. "ಮರ ಇಲ್ಲೇ ಇದೆಯಲ್ಲ, ಎಲ್ಲಿಗೆ ಹೋಗುತ್ತದೆ ಅಂದುಕೊಂಡಿದ್ದೆವು" ಎಂದರು ಅಜ್ಜಿ. ಒಳಗೆ ಕರೆದುಕೊಂಡು ಹೋಗಿ, ಅಟ್ಟದ ಕೆಳಗೆ ಬಟ್ಟೆ ಕಟ್ಟಿಟ್ಟ ಒಂದು ಭರಣಿ ತೋರಿಸಿದರು. ಆ ಮರದ ಕೊನೆಯ ಕೊಯ್ಲಿನ ಮಿಡಿ ಅದರಲ್ಲಿದೆ. ಊಟಕ್ಕೆ ಕೂತಾಗ ಎಲ್ಲರಿಗೂ ಒಂದೊಂದು ಮಿಡಿ ಬಡಿಸಿದರು. ಎರಡನೆಯದನ್ನು ಯಾರೂ ಕೇಳಲಿಲ್ಲ.

ಬೀಜದ ಮರದ ಕಷ್ಟ ಇರುವುದು ಇಲ್ಲಿ. ಕಸಿ ಮರ ಒಂದು ಬಿದ್ದರೆ ಅಂಥದೇ ಗಿಡವನ್ನು ನರ್ಸರಿಯಿಂದ ತರಬಹುದು. ಬೀಜದ ಮರ ಲೋಕಕ್ಕೆಲ್ಲ ಒಂದೇ ಒಂದು. ಅದು ಬಿದ್ದರೆ ಆ ರುಚಿಯೂ ಮುಗಿಯಿತು. ಅಪ್ಪೆಮಿಡಿಗೆ ಇನ್ನೊಂದು ಸಂಕಟ ಇದೆ. ಕಾಯನ್ನು ಎಳೆಯ ಮಿಡಿಯಿದ್ದಾಗಲೇ ಕೊಯ್ಯುತ್ತಾರೆ. ಹಣ್ಣಾಗಲು ಒಂದನ್ನೂ ಬಿಡದಿದ್ದರೆ ಓಟೆ ನೆಲಕ್ಕೆ ಬೀಳುವುದು ಯಾವಾಗ, ಹೊಸ ಸಸಿ ಏಳುವುದು ಯಾವಾಗ? ಬೆಲೆ ಏರಿದ ವರ್ಷ ಅವಸರದಲ್ಲಿ ರೆಂಬೆಯನ್ನೇ ಕಡಿದು ಕೆಡವುವವರೂ ಇದ್ದಾರೆ. ಬಲ್ಲವರು ಹಾಗೆ ಮಾಡುವುದಿಲ್ಲ. ಮರದ ತುದಿಯಲ್ಲಿ ಕೆಲವು ಗೊಂಚಲು ಬಿಟ್ಟು ಇಳಿಯುತ್ತಾರೆ.

ಆ ಮನೆಯಲ್ಲಿ ಹಾಗೆ ಬಿಟ್ಟ ಗೊಂಚಲಿನಿಂದ ಬಿದ್ದ ಓಟೆಯೊಂದು ಗೊಬ್ಬರಗುಂಡಿಯ ಪಕ್ಕ ಮೊಳೆತಿದೆ. ಮೊಣಕಾಲುದ್ದದ ಸಸಿ. ಮೊಮ್ಮಗಳು ಅದಕ್ಕೆ ನಾಲ್ಕು ಕೋಲು ನೆಟ್ಟು ಬೇಲಿ ಕಟ್ಟಿದ್ದಾಳೆ. ಅಜ್ಜಿ ಒಂದು ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಸಿದರು, ನಮಗೂ ಮೂಸಲು ಕೊಟ್ಟರು. ಜೀರಿಗೆಯ ವಾಸನೆಯೋ ಬರಿಯ ಮಾವಿನೆಲೆಯ ವಾಸನೆಯೋ, ನಮ್ಮೊಳಗೆ ಒಮ್ಮತವಾಗಲಿಲ್ಲ. ಮಿಡಿ ಬಿಡಲು ಇನ್ನೂ ಏಳೆಂಟು ವರ್ಷ ಬೇಕು. ತಾಯಿಯ ಹಾಗೇ ಬರುತ್ತದೆ ಎನ್ನುವ ಭರವಸೆಯಿಲ್ಲ. ತಾಯಿಗಿಂತ ಚೆನ್ನಾಗಿಯೂ ಬರಬಹುದು.

ಘಟ್ಟ ಇಳಿದರೆ

ತಾಳಗುಪ್ಪಕ್ಕೆ ರೈಲು ಮುಗಿಯುತ್ತದೆ. ಅಲ್ಲಿಂದ ಜೋಗ, ಗೇರುಸೊಪ್ಪೆಯ ಮೇಲೆ ಬಸ್ಸಿನಲ್ಲಿ ಘಟ್ಟ ಇಳಿದರೆ ಹೊನ್ನಾವರ, ಕಡಲ ತೀರ. ಇಲ್ಲಿ ಮಾವಿನ ಓಟೆ ಒಂದು ಸೋಜಿಗ ತೋರಿಸುತ್ತದೆ. ಕರಾವಳಿಯ ಬಪ್ಪಕಾಯಿ, ನೆಕ್ಕರೆಯಂಥ ಮಾವುಗಳ ಒಂದೇ ಓಟೆಯಿಂದ ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಸಸಿಗಳು ಏಳುತ್ತವೆ. ಇವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ತಾಯಿ ತಂದೆ ಇಬ್ಬರ ಮಗು. ಉಳಿದವು ತಾಯಿ ಮರದ ಅಂಶದಿಂದಲೇ ಬೆಳೆದವು, ತಾಯಿಯ ಪಡಿಯಚ್ಚು. ಕತ್ತಿ, ದಾರ ಯಾವುದೂ ಇಲ್ಲದೆ ಮರ ತಾನೇ ತನಗೆ ಕಸಿ ಮಾಡಿಕೊಂಡಂತೆ! ಬಾದಾಮಿ, ಮಲಗೋವದಂಥ ಮಾವುಗಳಲ್ಲಿ ಹೀಗಾಗುವುದಿಲ್ಲ, ಅಲ್ಲಿ ಒಂದು ಓಟೆಗೆ ಒಂದೇ ಸಸಿ. ನಿಮ್ಮ ಹಿತ್ತಲಿನಲ್ಲಿ ಒಂದೇ ಓಟೆಯಿಂದ ಮೂರು ಸಸಿ ಎದ್ದರೆ ಬಿಡಿಸಿ ಬೇರೆ ಬೇರೆ ನೆಡಿ.

ನಿಮ್ಮ ಮನೆಯಲ್ಲಿ ಹೀಗೆ ಮಾಡಿ

ಮಾವು: ಓಟೆಯನ್ನು ತೊಳೆದು ಒಂದೆರಡು ದಿನ ನೆರಳಿನಲ್ಲಿ ಆರಿಸಿ. ದೊಡ್ಡವರಿಂದ ಓಟೆಯ ಅಂಚನ್ನು ಬಿಡಿಸಿಕೊಂಡು ಒಳಗಿನ ಬೀಜ ತೆಗೆಯಿರಿ. ಉಬ್ಬಿದ ಬೆನ್ನು ಮೇಲೆ ಬರುವಂತೆ ಎರಡು ಬೆರಳು ಆಳಕ್ಕೆ ಹೂಳಿ. ಎರಡು ಮೂರು ವಾರಕ್ಕೆ ಮೊಳಕೆ ಬರುತ್ತದೆ. ತಿಂಗಳುಗಟ್ಟಲೆ ಒಣಗಿಸಿಟ್ಟ ಓಟೆ ಮೊಳೆಯುವುದಿಲ್ಲ.

ಹಲಸು: ಬೀಜದ ಲೋಳೆ ತೊಳೆದು ವಾರದೊಳಗೆ ಹಾಕಿ. ಇದಕ್ಕೆ ತಾಯಿಬೇರು ಉದ್ದ. ಕುಂಡದಲ್ಲಿ ಹೆಚ್ಚು ದಿನ ಬಿಟ್ಟರೆ ಬೇರು ಸುತ್ತಿಕೊಳ್ಳುತ್ತದೆ. ಬೆಳೆಯಬೇಕಾದ ಜಾಗದಲ್ಲೇ ಬಿತ್ತುವುದು ಒಳ್ಳೆಯದು. ಮನೆಯ ಗೋಡೆಯಿಂದ ಮೂವತ್ತು ಅಡಿಯಾದರೂ ದೂರವಿರಲಿ.

ಪಪ್ಪಾಯಿ: ಕಾಯುವ ತಾಳ್ಮೆ ಇಲ್ಲದವರಿಗೆ ಇದೇ ಸರಿ. ಎಂಟು ಹತ್ತು ತಿಂಗಳಲ್ಲಿ ಹಣ್ಣು. ಬೀಜದ ಮೇಲಿನ ಲೋಳೆಪೊರೆಯನ್ನು ಬೂದಿಯಲ್ಲಿ ಉಜ್ಜಿ ತೆಗೆದು ಬಿತ್ತಿ. ಕೆಲವು ಗಿಡ ಗಂಡು, ಅವು ಹಣ್ಣು ಬಿಡವು. ಹಾಗಾಗಿ ಒಂದು ಗುಂಡಿಗೆ ಎರಡು ಮೂರು ಸಸಿ ಹಾಕಿ, ಹೂವು ನೋಡಿ ಆರಿಸಿ.

ಸೀತಾಫಲ: ಜಾಗ ಚಿಕ್ಕದಿದ್ದವರಿಗೆ. ಬೀಜವನ್ನು ರಾತ್ರಿ ನೆನೆಹಾಕಿ ಬಿತ್ತಿ. ಮೂರು ನಾಲ್ಕು ವರ್ಷಕ್ಕೆ ಫಲ. ಬೀಜ ಜಜ್ಜಿದ ಕೈಯನ್ನು ಕಣ್ಣಿಗೆ ಮಾತ್ರ ತಾಗಿಸಬೇಡಿ, ಕಣ್ಣಿಗೆ ಅಪಾಯ.

ಏಳೆಂಟು ವರ್ಷ ಕಾದ ಮೇಲೆ ಹಣ್ಣು ಹುಳಿ ಬಂದರೆ? ಹುಳಿ ಮಾವಿಗೆ ಉಪ್ಪಿನಕಾಯಿ, ಗೊಜ್ಜು, ಅಪ್ಪೆಹುಳಿ ಇದೆ. ಸಪ್ಪೆ ಹಲಸಿಗೆ ಹಪ್ಪಳ ಇದೆ. ಅದೂ ಬೇಡವೆಂದರೆ ಅದೇ ಮರದ ರೆಂಬೆಗಳಿಗೆ ಒಳ್ಳೆಯ ತಳಿಯ ಕಸಿ ಕಟ್ಟಿಸಬಹುದು. ಹಣ್ಣು ಸಿಹಿಯೇ ಬಂದರೆ ಆ ವರ್ಷವೇ ಕಸಿ ಬಲ್ಲವರನ್ನು ಕರೆದು ನಾಲ್ಕು ಗಿಡ ಮಾಡಿಸಿ. ಒಂದನ್ನು ನೀವಿಟ್ಟುಕೊಂಡು ಮೂರನ್ನು ನೆಂಟರ ಮನೆಗೆ ಕೊಡಿ. ಗಾಳಿಗೆ ಒಂದು ಹಿತ್ತಲಿನ ಮರ ಬಿದ್ದರೂ ಇನ್ನೊಂದರಲ್ಲಿ ಉಳಿಯುತ್ತದೆ.

ಈ ರಜೆಗೆ ಅಜ್ಜನ ಮನೆಗೆ ಹೋದಾಗ ಒಂದು ನೋಟುಪುಸ್ತಕ ಹಿಡಿದು ಹಿತ್ತಲು ಸುತ್ತಿ. ಯಾವ ಮರ ಬೀಜದ್ದು, ಅದರ ಹೆಸರೇನು, ಯಾವ ತಿಂಗಳು ಹಣ್ಣು, ರುಚಿ ಹೇಗೆ, ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಹೆಸರಿಲ್ಲದ ಮರ ಸಿಕ್ಕಿದರೆ ನೀವೇ ಒಂದು ಹೆಸರಿಡಿ. ಹೆಸರಿರುವ ಮರವನ್ನು ಕಡಿಯಲು ಕೊಡಲಿ ಎತ್ತಿದವರೂ ಒಂದು ಗಳಿಗೆ ಯೋಚಿಸುತ್ತಾರೆ.