ಫಿರಂಗಿ ಎಳೆದ ಎತ್ತುಗಳು

ಮಕ್ಕಳೇ, ಹೆಬ್ಬೆರಳಿನಷ್ಟು ಪುಟ್ಟ ಆಟಿಕೆ ಫಿರಂಗಿಗಳಿಗೆ ಬಣ್ಣ ಹಚ್ಚಿ ಹಳೆಯ ಕಾಲದ ದಂಡು ಜೋಡಿಸುವ ಆಟ ಗೊತ್ತೇ? ಕುಂಚ ಹಿಡಿಯುವ ಮೊದಲು ಅಜ್ಜ ಅಜ್ಜಿಯ ಜೊತೆ ಮಂಜರಾಬಾದ್ ಕೋಟೆ ನೋಡಿ ಬನ್ನಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿಂದ ಹೊರಟರೂ ಹಾಸನಕ್ಕೆ ಬಂದು ಸಕಲೇಶಪುರದ ಬಸ್ಸು ಹತ್ತಿ. ಊರು ದಾಟಿದರೆ ಮಂಗಳೂರು ರಸ್ತೆಯ ಪಕ್ಕದ ಗುಡ್ಡದ ಮೇಲೆ ಕೋಟೆ.

1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆಗೆ ನಕ್ಷತ್ರದ ಹಾಗೆ ಎಂಟು ಮೂಲೆ. ಶತ್ರು ಯಾವ ಗೋಡೆಯ ಬುಡಕ್ಕೆ ಬಂದರೂ ಪಕ್ಕದ ಮೂಲೆಯಿಂದ ಗುಂಡು ಹಾರಿಸಬಹುದು.

ಬರಿಗೈಯಲ್ಲಿ ಮೆಟ್ಟಿಲು ಹತ್ತಿದ ನಮಗೇ ಏದುಸಿರು. ಹಾಗಾದರೆ ಆ ಕಾಲದಲ್ಲಿ ಫಿರಂಗಿಗಳನ್ನು ಊರಿಂದೂರಿಗೆ ಎಳೆದವರು ಯಾರು? ನಮ್ಮ ಅಮೃತಮಹಲ್ ಎತ್ತುಗಳು! ಹಾಸನ, ಚಿಕ್ಕಮಗಳೂರು, ತುಮಕೂರು ಸೀಮೆಯ ಕಾವಲುಗಳಲ್ಲಿ ಮೇದು ಬೆಳೆದ ತಳಿ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರೂ ಈ ಎತ್ತುಗಳನ್ನು ತಮ್ಮ ದಂಡಿಗೆ ಹೂಡಿದರು.

ಈಗ ಬಣ್ಣ. ಫಿರಂಗಿ ಕಂಚಿನದಾದರೆ ಹಳದಿ ಬೆರೆತ ಕಂದು, ಕಬ್ಬಿಣದ್ದಾದರೆ ಕಪ್ಪು. ಎತ್ತಿಗೆ ಬೂದು ಬಣ್ಣ. ಕತ್ತು, ಹಿಣಿಲಿಗೆ ಇನ್ನಷ್ಟು ಗಾಢ. ಕೊಂಬು ಉದ್ದವಾಗಿ ಹಿಂದಕ್ಕೆ ಬಾಗಿರಲಿ, ತುದಿ ಚೂಪಾಗಿರಲಿ.

ಇಂದು ಕಾವಲುಗಳು ಕಿರಿದಾಗಿವೆ, ಈ ದನಗಳೂ ಅಪರೂಪವಾಗಿವೆ. ಎಲ್ಲಾದರೂ ಕಂಡರೆ ಅಜ್ಜ ಮೊಮ್ಮಕ್ಕಳಿಗೆ ತೋರಿಸಲಿ. ಎತ್ತಿಲ್ಲದ ಫಿರಂಗಿ ನಿಂತಲ್ಲೇ ನಿಲ್ಲುತ್ತದೆ.