ಮತ್ಸುಸಾಕದ ರಾತ್ರಿಯ ಪಾಠಗಳು

ನನ್ನ ಬಳಿ ಕನ್ನಡ ವ್ಯಾಕರಣ ಕಲಿತವರಿಗೆ ಯೋಗವಾಹಗಳು ನೆನಪಿರಲೇಬೇಕು. ಅನುಸ್ವಾರವು ಸ್ವರವೂ ಅಲ್ಲ, ವ್ಯಂಜನವೂ ಅಲ್ಲ. ಇನ್ನೊಂದು ಅಕ್ಷರದ ಸಂಗಡ ಮಾತ್ರ ಬಾಳುವಂಥದ್ದು ಎಂದು ಎಂಟನೆಯ ತರಗತಿಯಲ್ಲಿ ಪ್ರತಿ ವರ್ಷವೂ ಹೇಳುತ್ತಿದ್ದೆ. ಅದನ್ನೇ ಹೋಲುವ ಒಂದು ಧ್ವನಿಗಾಗಿ 18ನೇ ಶತಮಾನದ ಜಪಾನಿನಲ್ಲಿ ಇಬ್ಬರು ವಿದ್ವಾಂಸರು ಕದನಕ್ಕೇ ಇಳಿದಿದ್ದರೆಂಬುದು ನನಗೆ ತಿಳಿದದ್ದು ನಿವೃತ್ತಿಯಾದ ಬಳಿಕ.

ಮಗಳ ಸಂಸಾರ ನಗೋಯಾದಲ್ಲಿದ್ದಾಗ ಕೆಲವು ತಿಂಗಳು ನಾನೂ ಅಲ್ಲಿದ್ದೆ. ಮೊಮ್ಮಗನ ಅಕ್ಷರಪಟವನ್ನು ಅವನಿಂದಲೇ ಓದಿಸಿ ಕೇಳಿದೆ. ಮೊದಲು ಅ, ಇ, ಉ, ಎ, ಒ. ಅನಂತರ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ಕ್ರಮವೇ! ಚ ಇರಬೇಕಾದಲ್ಲಿ ಸ, ಪ ಇರಬೇಕಾದಲ್ಲಿ ಹ, ಟವರ್ಗವಿಲ್ಲ, ಅಷ್ಟೇ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಭಾರತದ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡುತ್ತಿದ್ದರು. ಆ ಅಭ್ಯಾಸದಿಂದಲೇ ಈ ಕ್ರಮ ರೂಪುಗೊಂಡಿತು. ಪಟದ ತುದಿಯಲ್ಲಿ, ಯಾವ ಸಾಲಿಗೂ ಸೇರದೆ, ನಮ್ಮ ಸೊನ್ನೆಯ ಹಾಗೆ ಒಂಟಿಯಾಗಿ ನಿಂತಿರುವುದು 'ನ್' ಎಂಬ ಅಕ್ಷರ.

ಈ ಪಟದಲ್ಲಿ ಬಹುಕಾಲದಿಂದ ಸ್ಥಾನಪಲ್ಲಟವಾಗಿದ್ದ ಎರಡು ಅಕ್ಷರಗಳನ್ನು, 'ಒ' ಮತ್ತು 'ವೊ'ಗಳನ್ನು, 1776ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸರಿಯಾದ ಸಾಲುಗಳಿಗೆ ಮರಳಿಸಿದವನು ಮೊತೊಓರಿ ನೊರಿನಾಗ. ಆತನ ಊರು ಮತ್ಸುಸಾಕ, ನಗೋಯಾದಿಂದ ರೈಲಿನಲ್ಲಿ ಹೋಗಿ ಸಂಜೆಯೊಳಗೆ ಹಿಂದಿರುಗಬಹುದಾದಷ್ಟು ದೂರ. ಅಳಿಯಂದಿರು ಒಂದು ಭಾನುವಾರ ಕರೆದುಕೊಂಡು ಹೋದರು.

ನೊರಿನಾಗ ಹುಟ್ಟಿದ್ದು 1730ರಲ್ಲಿ, ಹತ್ತಿಬಟ್ಟೆಯ ವ್ಯಾಪಾರಿಯ ಮನೆಯಲ್ಲಿ. ಹುಡುಗನಿಗೆ ಪುಸ್ತಕದ ಹುಚ್ಚು, ವ್ಯಾಪಾರ ಒಗ್ಗದು. ಅದನ್ನರಿತ ತಾಯಿ ವೈದ್ಯಶಾಸ್ತ್ರ ಕಲಿತು ಬಾ ಎಂದು 1752ರಲ್ಲಿ ಕ್ಯೋಟೋಗೆ ಕಳುಹಿಸಿದಳು. 1757ರಲ್ಲಿ ಊರಿಗೆ ಮರಳಿದ ಈತ ಬದುಕಿನ ಕೊನೆಯವರೆಗೂ ವೈದ್ಯನಾಗಿಯೇ ಸಂಸಾರ ಸಾಕಿದ. ಹಗಲು ರೋಗಿಗಳ ನಾಡಿ, ರಾತ್ರಿ ಮನೆಯಲ್ಲೇ ಪಾಠ. ಊರಿನ ವರ್ತಕರೂ ಅರ್ಚಕರೂ ಬಂದು ಚಾಪೆಯ ಮೇಲೆ ಕುಳಿತು 'ಗೆಂಜಿ ಮೊನೊಗತಾರಿ'ಯನ್ನು ಕೇಳುತ್ತಿದ್ದರು. 1758ರಲ್ಲಿ ಆರಂಭಿಸಿದ ಮೊದಲ ಸುತ್ತಿನ ಪಾಠ ಮುಗಿದದ್ದು 1766ರಲ್ಲಿ. ಒಂದೇ ಗ್ರಂಥಕ್ಕೆ ಎಂಟು ವರ್ಷ! ಪರೀಕ್ಷೆಗೆ ಮುನ್ನ ಪಠ್ಯಭಾಗ ಮುಗಿಸಲು ಜನವರಿಯಲ್ಲಿ ಏದುಸಿರು ಬಿಡುತ್ತಿದ್ದ ನನ್ನಂಥವನಿಗೆ ಇದನ್ನು ಓದಿ ಹೊಟ್ಟೆಕಿಚ್ಚೇ ಆಯಿತು.

ಆ ಮನೆಯನ್ನು 1909ರಲ್ಲಿ ಹಳೆಯ ಕೋಟೆಯ ಆವರಣಕ್ಕೆ ಸ್ಥಳಾಂತರಿಸಿ ಕಾಪಾಡಿದ್ದಾರೆ. ಮೇಲಂತಸ್ತಿನಲ್ಲಿ ನಾಲ್ಕೂವರೆ ಚಾಪೆಯ ಅಳತೆಯ ಪುಟ್ಟ ಕೋಣೆಯೊಂದಿದೆ. ಉಗ್ರಾಣವಾಗಿದ್ದ ಜಾಗವನ್ನು 1782ರಲ್ಲಿ ನೊರಿನಾಗ ಓದುವ ಕೋಣೆಯಾಗಿ ಮಾಡಿಕೊಂಡ. ಬರೆದು ದಣಿವಾದಾಗ ದಾರಕ್ಕೆ ಪೋಣಿಸಿದ 36 ಸಣ್ಣ ಗಂಟೆಗಳನ್ನು ಅಲುಗಿಸಿ ಆ ನಾದ ಕೇಳುತ್ತಿದ್ದನಂತೆ. ಕೋಣೆಗೆ ಆತನಿಟ್ಟ ಹೆಸರು ಸುಜುನೊಯಾ, ಅಂದರೆ ಗಂಟೆಯ ಮನೆ.

ಆತನ ಬದುಕನ್ನು ತಿರುಗಿಸಿದ್ದು 1763ರ ಒಂದು ರಾತ್ರಿ. ಎದೊ ನಗರದ ಹಿರಿಯ ವಿದ್ವಾಂಸ ಕಾಮೊ ನೊ ಮಬುಚಿ ಪ್ರವಾಸದಲ್ಲಿ ಮತ್ಸುಸಾಕದ ಛತ್ರವೊಂದರಲ್ಲಿ ತಂಗಿದ್ದ. ಮಬುಚಿಗೆ ಅರವತ್ತಾರು, ನೊರಿನಾಗನಿಗೆ ಮೂವತ್ತಮೂರು. 'ಕೊಜಿಕಿ'ಗೆ ವ್ಯಾಖ್ಯಾನ ಬರೆಯುವ ಆಸೆಯನ್ನು ಕಿರಿಯ ಹೇಳಿಕೊಂಡ. ಹಿರಿಯನ ಆಸೆಯೂ ಅದೇ ಆಗಿತ್ತು. ಆದರೆ ಪ್ರಾಚೀನ ನುಡಿಯನ್ನು ಅರಿಯಲು 'ಮನ್ಯೋಶು' ಕವಿತೆಗಳ ಅಭ್ಯಾಸದಲ್ಲೇ ಆಯುಷ್ಯ ಕಳೆದುಹೋಗಿತ್ತು. ನಿನಗೆ ವಯಸ್ಸಿದೆ, ಆದರೆ ಆತುರಪಡಬೇಡ, ತಳಹದಿಯಿಂದ ಏರು ಎಂಬುದು ಆತನ ಉಪದೇಶದ ಸಾರ. ಅವರಿಬ್ಬರು ಮತ್ತೆಂದೂ ಭೇಟಿಯಾಗಲಿಲ್ಲ. 1769ರಲ್ಲಿ ಮಬುಚಿ ತೀರಿಕೊಳ್ಳುವವರೆಗೂ ಪಾಠ ನಡೆದದ್ದು ಪತ್ರಗಳಲ್ಲಿ.

ಕೊಜಿಕಿ 712ರಲ್ಲಿ ಸಿದ್ಧವಾದ ಕೃತಿ. ಆಗ ಜಪಾನೀಯರಿಗೆ ತಮ್ಮದೇ ಆದ ಲಿಪಿ ಇರಲಿಲ್ಲ. ಚೀನೀ ಅಕ್ಷರಗಳನ್ನು ಕೆಲವೆಡೆ ಅರ್ಥಕ್ಕಾಗಿ, ಕೆಲವೆಡೆ ಕೇವಲ ಉಚ್ಚಾರಣೆಗಾಗಿ ಬಳಸಿ ಬರೆದರು. ಸಾವಿರ ವರ್ಷಗಳ ಬಳಿಕ ಅದನ್ನು ಬಾಯಿಬಿಟ್ಟು ಓದುವುದು ಹೇಗೆಂಬುದೇ ಸಮಸ್ಯೆಯಾಗಿತ್ತು. ನೊರಿನಾಗ ಒಂದೊಂದು ಪದದ ಧ್ವನಿಯನ್ನೂ ಹಳೆಯ ಕವಿತೆಗಳೊಡನೆ ಹೋಲಿಸಿ ನಿರ್ಧರಿಸುತ್ತ ಹೋದ. ನಲವತ್ತನಾಲ್ಕು ಸಂಪುಟಗಳ 'ಕೊಜಿಕಿ-ದೆನ್' ಮುಗಿದದ್ದು 1798ರಲ್ಲಿ. ಛತ್ರದ ಆ ರಾತ್ರಿಯಿಂದ ಎಣಿಸಿದರೆ ಮೂವತ್ತೈದು ವರ್ಷ.

ಗುರುಶಿಷ್ಯರ ಈ ಕಥೆ 20ನೇ ಶತಮಾನದ ಮೊದಲರ್ಧದಲ್ಲಿ ಜಪಾನಿನ ಶಾಲಾ ಪಠ್ಯದಲ್ಲೂ ಇತ್ತು. ಆದರೆ ಮೇಷ್ಟ್ರಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ತನಗಿಂತ ಉತ್ತಮವಾದ ಅರ್ಥ ಹೊಳೆದರೆ, ಗುರುವಿನ ಮಾತಿಗೆ ವಿರುದ್ಧವಾದರೂ ಹೇಳು ಎಂದು ಮಬುಚಿ ಬೋಧಿಸಿದ್ದನ್ನು ನೊರಿನಾಗ ದಾಖಲಿಸಿದ್ದಾನೆ. ತನ್ನ ಶಿಷ್ಯರಿಗೂ ಅದನ್ನೇ ಹೇಳಿದ. ಹೇಳುವುದು ಸುಲಭ, ನಡೆಯುವುದು ಕಷ್ಟ. ಮನ್ಯೋಶುವಿನ ವಿಷಯದಲ್ಲಿ ಶಿಷ್ಯ ತನ್ನದೇ ಅಭಿಪ್ರಾಯ ಬರೆದಾಗ ಅದೇ ಮಬುಚಿ ಕೆಂಡವಾದ. ಇನ್ನು ಪ್ರಶ್ನೆಗಳನ್ನು ಕಳುಹಿಸಬೇಡ ಎನ್ನುವಷ್ಟು. ನೊರಿನಾಗ ಕ್ಷಮೆ ಬೇಡಿದ, ಪತ್ರಗಳು ಮುಂದುವರಿದವು.

ಮುಂದೆ ನೊರಿನಾಗನಿಗೂ ಅಂಥ ಪರೀಕ್ಷೆ ಬಂದಿತು. 1780ರ ದಶಕದಲ್ಲಿ ಕಥೆಗಾರ ಹಾಗೂ ವಿದ್ವಾಂಸ ಉಎದ ಅಕಿನಾರಿ ಬರಹದ ಮೂಲಕ ಆತನನ್ನು ಎದುರಿಸಿದ. ಮೊದಲ ವಿವಾದ ಆ ಒಂಟಿ 'ನ್' ಕುರಿತು. ಪ್ರಾಚೀನ ಜಪಾನಿ ನುಡಿಯಲ್ಲಿ ಅದು ಇರಲೇ ಇಲ್ಲವೆಂದು ನೊರಿನಾಗ, ಇತ್ತೆಂದು ಅಕಿನಾರಿ. ಇಲ್ಲಿ ಇಂದಿನ ಭಾಷಾವಿಜ್ಞಾನವು ಬಹುಮಟ್ಟಿಗೆ ನೊರಿನಾಗನ ಪಕ್ಷದಲ್ಲಿದೆ. ಎರಡನೆಯ ವಿವಾದ ಸೂರ್ಯನದು. ಲೋಕವನ್ನೆಲ್ಲ ಬೆಳಗುವ ಸೂರ್ಯದೇವಿ ಜಪಾನಿನಲ್ಲಿ ಹುಟ್ಟಿದವಳು, ಆದುದರಿಂದ ಈ ನಾಡೇ ಎಲ್ಲಕ್ಕಿಂತ ಶ್ರೇಷ್ಠ ಎಂದು ನೊರಿನಾಗ ವಾದಿಸಿದ. ಅಕಿನಾರಿ ಡಚ್ಚರ ಭೂಪಟವನ್ನು ಮುಂದಿಟ್ಟ: ವಿಶಾಲವಾದ ಕೊಳದ ಮೇಲೆ ತೇಲುವ ಪುಟ್ಟ ಎಲೆಯಂತಿರುವ ನಾಡು ನಮ್ಮದು, ಬೇರೆ ನಾಡುಗಳಿಗೂ ಅವರವರ ಪುರಾಣಗಳಿವೆ, ನಮ್ಮದನ್ನು ಅವರೇಕೆ ನಂಬಬೇಕು? ಶ್ರೇಷ್ಠತೆಯನ್ನು ನೆಲದ ಅಳತೆಯಿಂದ ತೂಗಲಾಗದೆಂದು ನೊರಿನಾಗ ಉತ್ತರಿಸಿದ. ನಂಬಿಕೆಯನ್ನು ಮಾತ್ರ ಸಡಿಲಿಸಲಿಲ್ಲ.

ಅಕ್ಷರದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿ ಸಾಕ್ಷಿ ಕೇಳುತ್ತಿದ್ದವನು ನಾಡಿನ ಹಿರಿಮೆಯ ವಿಷಯದಲ್ಲಿ ಸಾಕ್ಷಿಯನ್ನೇ ಕೇಳಲಿಲ್ಲ. ಇದರ ಮುಂದಿನ ಕಥೆ ಕಹಿಯಾದದ್ದು. ಬೆಟ್ಟದ ಚೆರಿ ಹೂವನ್ನು ಕುರಿತು ಆತ ರಚಿಸಿದ ಪುಟ್ಟ ಕವಿತೆಯಿಂದ ಆಯ್ದ ನಾಲ್ಕು ಪದಗಳನ್ನು 1944ರ ಅಕ್ಟೋಬರಿನಲ್ಲಿ ಮೊದಲ ಕಾಮಿಕಾಜೆ ಪಡೆಗಳಿಗೆ ಹೆಸರಾಗಿ ಇಟ್ಟರು. 1801ರಲ್ಲಿ ತೀರಿಹೋದ ಪಂಡಿತನನ್ನು ಇದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ. ಆದರೂ, ನುಡಿಯ ಪ್ರೀತಿಯ ಪಕ್ಕದಲ್ಲೇ ಬೆಳೆದ ಶ್ರೇಷ್ಠತೆಯ ಗರ್ವ ಎಲ್ಲಿಯವರೆಗೆ ಹೋಗಬಲ್ಲದೆಂದು ಯೋಚಿಸುವಂತಾಯಿತು.

ಮೂರು ದಶಕ ಕನ್ನಡ ಕಲಿಸಿದವನು ಭಾಷಾಭಿಮಾನ ಬೇಡವೆಂದು ಹೇಳಲಾರೆ. ಅಭಿಮಾನವಿಲ್ಲದೆ ಯಾರೂ ಒಂದು ಗ್ರಂಥಕ್ಕೆ ಮೂವತ್ತೈದು ವರ್ಷ ಕೊಡಲಾರರು. ಹಗಲಿನ ದುಡಿಮೆ ಮುಗಿಸಿ ರಾತ್ರಿ ನಾಲ್ಕು ಜನ ಸೇರಿ ಹಳೆಯ ಕಾವ್ಯವೊಂದನ್ನು ಓದುವುದಕ್ಕಿಂತ ದೊಡ್ಡ ವಿದ್ವತ್ಸಭೆ ಬೇರೆ ಬೇಕಿಲ್ಲವೆಂದೂ ಆ ಮನೆಯನ್ನು ನೋಡಿದ ಮೇಲೆ ನನಗೆ ಅನ್ನಿಸಿದೆ. ಆದರೆ ಅಂಥ ಸಭೆಯಲ್ಲಿ ಭೂಪಟ ಹಿಡಿದು ಬರುವ ಅಕಿನಾರಿಗೂ ಒಂದು ಚಾಪೆ ಹಾಸಿರಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ತಾವೇ ಪಾಠ ಹೇಳುತ್ತಿದ್ದೀರಿ. ನಿಮ್ಮ ತರಗತಿಯಲ್ಲಿ ಎದ್ದು ನಿಂತು "ಅದು ಹಾಗಲ್ಲ ಸಾರ್" ಎನ್ನುವ ಹುಡುಗನನ್ನು ದಯವಿಟ್ಟು ಕುಳ್ಳಿರಿಸಬೇಡಿ.

ಈ ಬರಹವನ್ನು ಒಪ್ಪದವರು ಅವಶ್ಯ ಬರೆದು ತಿಳಿಸಿ. ಮಬುಚಿಯಷ್ಟು ಕೋಪ ನನಗೆ ಬರುವುದಿಲ್ಲ.